ರಾಗಿ ಹಿಟ್ಟನ್ನು ಜರಡಿ ಹಿಡಿದರೆ ಏನು ನಷ್ಟ?

ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಮುದ್ದೆ ಮಾಡಿದರೆ ಸಕ್ಕರೆ ಕಾಯಿಲೆಯವರಿಗೆ ನಷ್ಟವೇ, ಬದಲಿಗೆ ಪಾಲಿಫಿನಾಲ್ (ಸಸ್ಯಗಳಲ್ಲಿ ಸಹಜವಾಗಿರುವ ಒಂದು ಬಗೆಯ ಸತ್ವ) ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳಿದ್ದೀರಿ. ನಷ್ಟವಿದೆ, ಅದನ್ನು ಮಾತ್ರೆ ತುಂಬಿಕೊಡುತ್ತದೆ ಎಂಬ ನಂಬಿಕೆ ನನಗಿಲ್ಲ.

ಜರಡಿಯಲ್ಲಿ ಉಳಿಯುವ ಕೆಂಗಂದು ತೌಡನ್ನು ಬೆರಳಲ್ಲಿ ಉಜ್ಜಿ ನೋಡಿ. ಕಾಳಿನ ಬಣ್ಣವೂ ಒಗರೂ ಅದರದೇ. ರಾಗಿಯ ಟ್ಯಾನಿನ್, ಫೆರುಲಿಕ್ ಆಮ್ಲ ಎಂಬ ಪಾಲಿಫಿನಾಲ್‌ಗಳ ಹೆಚ್ಚಿನ ಪಾಲು ಈ ಸಿಪ್ಪೆಯಲ್ಲಿರುತ್ತದೆ. ಫೆರುಲಿಕ್ ಆಮ್ಲವಂತೂ ಬಹುಪಾಲು ನಾರಿಗೇ ಬೆಸೆದುಕೊಂಡಿರುತ್ತದೆ. ಆ ಬೆಸುಗೆ ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ಅವು ಫೆರುಲಿಕ್ ಆಮ್ಲವನ್ನು ಬಿಡಿಸಿಕೊಂಡು, ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ಈ ಆಮ್ಲಗಳು ತಾಗಿದಾಗ ಕರುಳಿನ ಒಳಪದರದಲ್ಲಿ ಹಾರ್ಮೋನು ತಯಾರಿಸುವ ಎಲ್ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇನ್ಸುಲಿನ್ ಬಿಡುಗಡೆಗೆ ನೆರವಾಗುವುದು, ಹಸಿವು ತಗ್ಗಿಸುವುದು ಅದರ ಕೆಲಸ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅನುಕರಿಸುವುದೂ ಇದನ್ನೇ, ಆದರೆ ಆ ಮದ್ದಿನ ಬಲವನ್ನು ಊಟದಿಂದ ನಿರೀಕ್ಷಿಸಬೇಡಿ.

ನಾರಿನಿಂದ ಬೇರ್ಪಡಿಸಿದ ಸತ್ವವನ್ನು ಮಾತ್ರೆಯಲ್ಲಿ ತುಂಬಿದರೆ ಬ್ಯಾಕ್ಟೀರಿಯಾಗಳಿಗೆ ಹುದುಗಿಸಲು ಏನು ಉಳಿಯಿತು? ಅಲ್ಲದೆ ಒಂದೇ ಪದಾರ್ಥ ಎಲ್ಲರ ಕರುಳಲ್ಲೂ ಒಂದೇ ಫಲ ಕೊಡುವುದಿಲ್ಲ. ದಾಳಿಂಬೆಯ ಎಲ್ಲಾಜಿಟ್ಯಾನಿನ್ ಎಂಬ ಪಾಲಿಫಿನಾಲ್‌ನಿಂದ ಯುರೊಲಿಥಿನ್ ಎಂಬ ಸಂಯುಕ್ತಗಳು ಹುಟ್ಟಲು ಗಾರ್ಡೊನಿಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಬೇಕು. ಎಷ್ಟೇ ದಾಳಿಂಬೆ ತಿಂದರೂ ಕೆಲವರಲ್ಲಿ ಯುರೊಲಿಥಿನ್ ಹುಟ್ಟುವುದೇ ಇಲ್ಲ. ಮಾತ್ರೆಯ ಡಬ್ಬಿಯ ಮೇಲೆ ಈ ವಿಷಯ ಬರೆದಿರುವುದಿಲ್ಲ.

ಹಾಗೆಂದು ರಾಗಿಯನ್ನು ಮದ್ದೆಂದು ತಿಳಿಯಬೇಡಿ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಜೊತೆಗಿನ ಸೊಪ್ಪು, ಕಾಳಿನ ಪಲ್ಯ ಧಾರಾಳವಾಗಿರಲಿ. ಹುರಳಿ, ಅವರೆ, ಅಲಸಂದೆಗಳನ್ನು ಬದಲಿಸುತ್ತಿರಿ, ಒಂದೊಂದರ ನಾರೂ ಬೇರೆ. ರೂಢಿಯಿಲ್ಲದವರಿಗೆ ಮೊದಮೊದಲು ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ವೈದ್ಯರು ಬರೆದುಕೊಟ್ಟ ಔಷಧಿಯನ್ನಂತೂ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ರಕ್ತಹೀನತೆ ಇರುವವರಿದ್ದರೆ ಒಂದು ಎಚ್ಚರಿಕೆ: ಇದೇ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶ ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ಅಂಥವರು ಸಾರಿಗೆ ನಿಂಬೆ ಹಿಂಡಿಕೊಳ್ಳಲಿ; ಊಟದ ಬೆನ್ನಿಗೇ ಚಹಾ ಕುಡಿಯುವುದು ಬೇಡ.