ಸಣ್ಣ ಊರಿನ ಕಾಲೇಜಿನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್) ಓದುತ್ತಿರುವವರಿಗೆ ಸಂಶೋಧನೆಯ ಅವಕಾಶ ಸಿಗುವುದು ಹೇಗೆ?

ಇಸಿ ಐದನೇ ಸೆಮಿಸ್ಟರ್, ನಲವತ್ತು ಪ್ರಾಧ್ಯಾಪಕರಿಗೆ ಮೇಲ್ ಕಳಿಸಿದರೂ ಒಬ್ಬರೂ ಉತ್ತರಿಸಿಲ್ಲ ಎಂದಿದ್ದೀರಿ. ನಾನು ಅರವತ್ತು ಕಳಿಸಿದ್ದೆ. ಎಲ್ಲಕ್ಕೂ ಒಂದೇ ಒಕ್ಕಣೆ. ಒಂದರಲ್ಲಂತೂ ಹಿಂದಿನವರ ಹೆಸರನ್ನು ಬದಲಿಸಲು ಮರೆತಿದ್ದೆ. ಉತ್ತರ ಬಾರದಿದ್ದುದೇ ಪುಣ್ಯ.

ಆ ರಜೆಯಲ್ಲಿ ಊರಿಗೆ ಹೋದಾಗ ತೋಟದ ಪಂಪ್‌ಸೆಟ್ಟಿನ ಮೋಟಾರು ಮತ್ತೆ ಸುಟ್ಟಿತ್ತು. ಅಪ್ಪ ಅದನ್ನು ರಿವೈಂಡಿಂಗ್‌ಗೆ ಕೊಟ್ಟು ಬಂದು ‘ವೋಲ್ಟೇಜ್ ಸರಿಯಿಲ್ಲ’ ಎಂದರು. ಎಷ್ಟು ಸರಿಯಿಲ್ಲ ಎಂದರೆ ಯಾರಲ್ಲೂ ಲೆಕ್ಕವಿಲ್ಲ. ಇಎಸ್‌ಪಿ32 ಎಂಬ ಪುಟ್ಟ ಗಣಕ ಬೋರ್ಡು, ವೋಲ್ಟೇಜ್ ಸೆನ್ಸರ್, ಮೆಮೊರಿ ಕಾರ್ಡು ಜೋಡಿಸಿ, ಊರಿನ ಎಲೆಕ್ಟ್ರಿಷಿಯನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು (415 ವೋಲ್ಟಿನ ಜೊತೆ ಸಾಹಸ ಬೇಡ) ಸ್ಟಾರ್ಟರ್ ಪೆಟ್ಟಿಗೆಯ ಬಳಿ ಇಟ್ಟೆ. ಮೊದಲ ವಾರದ ಅಂಕಿಗಳೆಲ್ಲ ಕಸ. ಆ ಚಿಪ್ಪಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ) ತನ್ನ ವ್ಯಾಪ್ತಿಯ ಎರಡೂ ತುದಿಗಳಲ್ಲಿ ಡೊಂಕು ಲೆಕ್ಕ ಕೊಡುತ್ತದೆ. ಮಲ್ಟಿಮೀಟರಿನ ಜೊತೆ ತಾಳೆ ನೋಡಿ ತಿದ್ದುಪಡಿಯ ಕೋಷ್ಟಕ ಬರೆದುಕೊಂಡೆ. ನನ್ನ ಮೊದಲ ಸಂಶೋಧನೆ ಅದೇ. ಆಮೇಲೆ ವೋಲ್ಟೇಜಿನ ನಕ್ಷೆ ಮಾತನಾಡತೊಡಗಿತು. ತ್ರೀ ಫೇಸ್ ಬಂದೊಡನೆ ಸುತ್ತಲಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಮೋಟಾರುಗಳನ್ನು ಎಬ್ಬಿಸುವಾಗ ಗೆರೆ ಧೊಪ್ಪನೆ ಕುಸಿಯುತ್ತಿತ್ತು. ಎತ್ತಬೇಕಾದ ನೀರು ಅಷ್ಟೇ ಇದ್ದು ವೋಲ್ಟೇಜ್ ಇಳಿದರೆ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಅದರೊಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗ್, ಬಿಸಿಯೇರುತ್ತದೆ.

ಆ ನಕ್ಷೆಯನ್ನೂ ಆರು ಸಾಲುಗಳನ್ನೂ ಒಬ್ಬರಿಗೆ ಮಾತ್ರ, ನಾನು ನಿಜವಾಗಿ ಓದಿದ್ದ ಪ್ರಬಂಧದ ಲೇಖಕರಿಗೆ ಕಳಿಸಿದೆ. ಎರಡನೇ ದಿನ ಉತ್ತರ ಬಂತು: ‘ಸೆಕೆಂಡಿಗೊಮ್ಮೆ ಅಳೆದಿದ್ದೀರಿ. ಮೋಟಾರು ಶುರುವಾಗುವ ಕ್ಷಣ ಅದರಲ್ಲಿ ಹೇಗೆ ಸಿಕ್ಕೀತು?’ ಹೊಗಳಿಕೆ ಇಲ್ಲ, ಆದರೆ ಪ್ರಶ್ನೆ ಇತ್ತು. ಮುಂದಿನ ಬೇಸಿಗೆಯನ್ನು ಅವರ ಲ್ಯಾಬಿನಲ್ಲೇ ಕಳೆದೆ.

ದಾರಿಗಳು ಹಲವು ಇವೆ. ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು. ಅಧ್ಯಾಪಕರೊಬ್ಬರ ಶಿಫಾರಸು ಬೇಕು, ಆದ್ದರಿಂದ ಅವರನ್ನು ಕೊನೆಯ ದಿನ ಕಾಡಬೇಡಿ. ಮುಕ್ತ ತಂತ್ರಾಂಶವನ್ನು ಬೆಳೆಸುವ ಐಐಟಿ ಬಾಂಬೆಯ ಫಾಸಿ (FOSSEE) ಯೋಜನೆ ಫೆಲೋಶಿಪ್‌ಗೆ ಮೊದಲು ಒಂದು ಕೆಲಸ ಕೊಟ್ಟು, ಮಾಡಿ ತೋರಿಸಿದವರನ್ನು ಆರಿಸಿಕೊಳ್ಳುತ್ತದೆ; ಸರ್ಕ್ಯೂಟ್ ಇಷ್ಟವಿದ್ದರೆ ಸರ್ಕ್ಯೂಟ್ ವಿನ್ಯಾಸಕ್ಕಿರುವ ಅವರದೇ ಇಸಿಮ್ (eSim) ತಂತ್ರಾಂಶವನ್ನು ಇವತ್ತೇ ಹಾಕಿಕೊಂಡು ನೋಡಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ, ಪ್ರಸ್ತಾವ ಕಾಲೇಜಿನ ಮೂಲಕವೇ ಹೋಗಬೇಕು. ದುಡ್ಡು ಕಟ್ಟಿಸಿಕೊಂಡು ವಾರದೊಳಗೆ ಪ್ರಬಂಧ ಅಚ್ಚುಹಾಕುವ ಪತ್ರಿಕೆಗಳ ಹತ್ತಿರ ಮಾತ್ರ ಸುಳಿಯಬೇಡಿ. ಅವು ಕೊಡುವ ಪ್ರಮಾಣಪತ್ರ ನೋಡಿದ ಪ್ರಾಧ್ಯಾಪಕರು ನಿಮ್ಮ ಮೇಲ್ ಅನ್ನು ಇನ್ನೂ ಬೇಗ ಮುಚ್ಚುತ್ತಾರೆ.

ಎಲ್ಲಾದರೂ ಕರೆದರೆ, ಹೋಗುವ ಮೊದಲು ನಿಮ್ಮ ಕಾಲೇಜಿನ ಆಸಿಲೋಸ್ಕೋಪಿನಲ್ಲಿ (ವಿದ್ಯುತ್ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಪ್ರೋಬನ್ನು, ಅಂದರೆ ಸರ್ಕ್ಯೂಟಿಗೆ ತಾಗಿಸುವ ಅದರ ತಂತಿಯನ್ನು, ಸರಿಹೊಂದಿಸುವುದನ್ನು ಕಲಿತುಕೊಳ್ಳಿ; ಇಲ್ಲದಿದ್ದರೆ ಅಲೆಯ ಆಕಾರವೇ ತಪ್ಪಾಗಿ ಕಾಣುತ್ತದೆ. ನಾನು ಕಲಿಯದೆ ಹೋಗಿ ಮೊದಲ ಎರಡು ದಿನ ಸರ್ಕ್ಯೂಟಿನಲ್ಲಿ ಇಲ್ಲದ ದೋಷವೊಂದರ ಬೆನ್ನುಹತ್ತಿದ್ದೆ.