ಅಪ್ಪನ ಬೋಟಿನ ಲೆಕ್ಕ ಮತ್ತು ನಿಂತುಹೋದ ನಾಲ್ಕನೇ ಅಧ್ಯಾಯ

ಪಿಎಚ್‌.ಡಿ. ಬಿಟ್ಟುಬಿಡಲಾ ಎಂದು ಕೇಳಿಕೊಂಡು ನನ್ನ ಹತ್ತಿರ ಸಲಹೆಗೆ ಬರುವವರು ಜಾಸ್ತಿಯಾಗುತ್ತಿದ್ದಾರೆ. ಹೆಚ್ಚಿನವರದ್ದು ಗೊತ್ತಿರುವ ಕಥೆಯೇ: ಗೈಡ್ ಜೊತೆ ಸರಿಹೋಗುತ್ತಿಲ್ಲ, ಫೆಲೋಶಿಪ್ ಮುಗಿದಿದೆ, ಮನೆಯಲ್ಲಿ ಮದುವೆ ಮಾತು. ಈ ಪ್ರಕರಣದಲ್ಲೂ ಅವೆಲ್ಲ ಇದ್ದವು. ಆದರೆ ಗಂಟು ಇದ್ದದ್ದು ಬೇರೆ ಕಡೆ, ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಾಯಿಸಿದ್ದೇನೆ. ಇಲ್ಲಿ ಅವರನ್ನು ವಿನಯಾ ಎಂದು ಕರೆಯೋಣ.

ವಿನಯಾಗೆ ಮೂವತ್ತು ದಾಟಿದೆ. ಕರಾವಳಿಯ ಮೀನುಗಾರರ ಮನೆ. ಅಪ್ಪನಿಗೆ ಒಂದು ಟ್ರಾಲ್ ಬೋಟಿನಲ್ಲಿ (ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಬೋಟು) ಪಾಲು ಇದೆ, ಅಮ್ಮ ಒಣಮೀನು ಮಾಡಿ ಮಾರುತ್ತಾರೆ, ತಮ್ಮ ಬೋಟಿಗೆ ಹೋಗುತ್ತಾನೆ. ಇವರು ನಾಲ್ಕು ವರ್ಷದ ಮೀನುಗಾರಿಕೆ ಪದವಿ ಬಿ.ಎಫ್.ಎಸ್ಸಿ. ಮಾಡಿ, ಮೀನುಗಾರಿಕೆ ಅರ್ಥಶಾಸ್ತ್ರದಲ್ಲಿ ಎಂ.ಎಫ್.ಎಸ್ಸಿ. ಮುಗಿಸಿ, ಅದರಲ್ಲೇ ಪಿಎಚ್‌.ಡಿ.ಗೆ ಸೇರಿದವರು. ನೆಂಟರ ಮನೆಯ ಮದುವೆಗೆ ಹೋದರೆ "ಮೀನಿಗೂ ಅರ್ಥಶಾಸ್ತ್ರ ಉಂಟಾ ಮಾರಾಯ್ತಿ?" ಎಂದು ಕೇಳುತ್ತಾರಂತೆ. ಮೊದಲೆಲ್ಲ ನಗು ಬರುತ್ತಿತ್ತು, ಈಗ ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಅವರು ಬಂದದ್ದು ಜೂನ್‌ನಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಡಿಶಾ, ಆಂಧ್ರದ ಕೆಲಸದವರು ಊರಿಗೆ ಹೋಗಿರುತ್ತಾರೆ, ಬೋಟುಗಳು ಧಕ್ಕೆಯಲ್ಲಿ (ಬಂದರಿನ ಕಟ್ಟೆಯಲ್ಲಿ) ಸಾಲಾಗಿ ಕಟ್ಟಿಕೊಂಡಿರುತ್ತವೆ, ಗಂಡಸರು ಮನೆಯಲ್ಲಿ. ವಿನಯಾ ಅವರ ಅಪ್ಪ ದಿನವಿಡೀ ಜಗಲಿಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿದ್ದರು, ಇವರು ಒಳಗೆ ಲ್ಯಾಪ್‌ಟಾಪ್ ತೆರೆಯಲಾಗದೆ ಕೂತಿದ್ದರು. ಈ ಒಂದು ಮಾತನ್ನು ಅವರು ಸುಮ್ನೆ ಹೇಳಿ ಮುಂದೆ ಹೋಗಿಬಿಟ್ಟರು, ನಾನು ಬರೆದಿಟ್ಟುಕೊಂಡೆ.

ಅವರು ಹೇಳಿದ ತೊಂದರೆಗಳು ಇವು. ರಾತ್ರಿ ನಿದ್ದೆ ಇಲ್ಲ. ಪ್ರಬಂಧದ ಫೈಲ್ ತೆರೆದರೆ ತಲೆನೋವು. ಐದು ವರ್ಷದ ಫೆಲೋಶಿಪ್ ಮುಗಿದಿದೆ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಬರುತ್ತದೆ. ಅಷ್ಟು ಹಣ ತಂದುಕೊಡುತ್ತಿದ್ದ ಮಗಳು ಒಂದು ತಿಂಗಳಲ್ಲಿ ಖಾಲಿ ಕೈ ಆದರೆ ಮನೆಯಲ್ಲಿ ಯಾರೂ ಏನೂ ಹೇಳದಿದ್ದರೂ ಅವಳಿಗೆ ಕೇಳಿಸುತ್ತದೆ, ಅಲ್ವಾ? ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬ್ಯಾಂಕ್ ಪರೀಕ್ಷೆ ಬರೆಯಲಾ ಎಂಬ ಯೋಚನೆ. "ಐದು ವರ್ಷ ಹಾಳು ಮಾಡಿಕೊಂಡೆ ಮೇಡಂ" ಎನ್ನುವುದು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬರುತ್ತಿತ್ತು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದರು. ನಿದ್ದೆ ಮತ್ತು ತಲೆನೋವಿಗೆ ಮೊದಲು ಡಾಕ್ಟರ್ ಹತ್ತಿರ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ನನಗೆ ಇಷ್ಟವಿಲ್ಲ.

ಮುಂದಿನ ಭೇಟಿಗೆ ಪ್ರಬಂಧದ ಅಧ್ಯಾಯಗಳ ಪಟ್ಟಿ ತರಲು ಹೇಳಿದ್ದೆ. ಮೂರು ಅಧ್ಯಾಯ ಮುಗಿದಿದ್ದವು. ಐದನೆಯದ್ದೂ ಮುಕ್ಕಾಲು ಆಗಿತ್ತು. ನಾಲ್ಕನೆಯದ್ದು ಮಾತ್ರ ಖಾಲಿ. ಓದು ಬೇಸರವಾದವರು ನಾಲ್ಕನ್ನು ಬಿಟ್ಟು ಐದನ್ನು ಬರೆಯುವುದಿಲ್ಲ.

ನಾಲ್ಕನೇ ಅಧ್ಯಾಯ ಟ್ರಾಲ್ ಬೋಟುಗಳ ಖರ್ಚು ಮತ್ತು ಆದಾಯದ್ದು. ಅದರಲ್ಲಿ ಏನಿದೆ ಎಂದು ಕೇಳಿದಾಗ ಅವರು ಒಂದು ಲೆಕ್ಕದ ಪುಸ್ತಕದ ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟರು. ನೀಲಿ ಪೆನ್ನಿನ ದುಂಡಗಿನ ಅಕ್ಷರ, ಒಂದೊಂದು ಟ್ರಿಪ್ಪಿಗೆ ಒಂದೊಂದು ಪುಟ. ಡೀಸೆಲ್, ಐಸ್, ರೇಷನ್, ಎಂಜಿನ್ ಆಯಿಲ್, ಬಲೆ ರಿಪೇರಿ, ಕೆಲಸದವರ ಬಾಟಾ (ಭತ್ಯೆ), ಏಲಂನಲ್ಲಿ ಏಜೆಂಟರ ಕಮಿಷನ್. ಕೆಳಗೆ ಗೆರೆ ಎಳೆದು ಉಳಿದದ್ದು ಎಷ್ಟು, ಪಾಲು ಎಷ್ಟು. ಅದು ಅವರ ಅಪ್ಪನ ಪುಸ್ತಕ.

ಬೋಟಿನವರು ಯಾರೂ ಸುಲಭದಲ್ಲಿ ಲೆಕ್ಕ ಕೊಡುವುದಿಲ್ಲ, ಕೊಡದಿರಲು ಕಾರಣವೂ ಇದೆ. ಕರಾವಳಿಯಲ್ಲಿ ಬೋಟುಗಳಿಗೆ ಕರರಹಿತ ಡೀಸೆಲ್ ಕೋಟಾ ಇದೆ. 2023ರ ಬಜೆಟ್ಟಿನಲ್ಲಿ ರಾಜ್ಯದ ಒಟ್ಟು ಮಿತಿಯನ್ನು ವರ್ಷಕ್ಕೆ ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷಕ್ಕೆ ಏರಿಸಿದರು. ಕ್ಲಿಪ್‌ಬೋರ್ಡ್ ಹಿಡಿದು ಬಂದು ಡೀಸೆಲ್ ಎಷ್ಟು, ಮೀನು ಎಷ್ಟು ಎಂದು ಕೇಳುವವರನ್ನು ಕಂಡರೆ ಇದು ಕೋಟಾಕ್ಕೆ ಕತ್ತರಿ ಹಾಕಲೋ ಟ್ಯಾಕ್ಸ್ ಹಾಕಲೋ ಎಂಬ ಅನುಮಾನ ಬಂದೇ ಬರುತ್ತದೆ. ವಿನಯಾಗೆ ಮಾತ್ರ ಎಲ್ಲರೂ ಕೊಟ್ಟರು, ಯಾಕೆಂದರೆ ಅವಳು ಇಂಥವರ ಮಗಳು. ಎಲ್ಲರಿಗಿಂತ ಪೂರ್ತಿಯಾಗಿ ಕೊಟ್ಟದ್ದು ಅಪ್ಪ.

ಪುಸ್ತಕದಲ್ಲಿ ಇಲ್ಲದ್ದನ್ನು ವಿನಯಾ ಸೇರಿಸಿದರು, ಅವರ ಶಾಸ್ತ್ರ ಕೇಳುವುದೇ ಅದನ್ನು. ಬೋಟು, ಎಂಜಿನ್ನಿನ ಸವಕಳಿ. ಏಜೆಂಟರಿಂದ ತಂದ ಮುಂಗಡದ ನಿಜವಾದ ಬಡ್ಡಿ. ಮನೆಯವರ ಸಂಬಳವಿಲ್ಲದ ದುಡಿಮೆ. ಸೇರಿಸಿ ಕೂಡಿದ ಮೇಲೆ ಕೆಳಗಿನ ಗೆರೆಯ ಹತ್ತಿರ ಮೈನಸ್ ಬಂತು. ಒಂದೆರಡು ಬೋಟಿಗಲ್ಲ, ಸ್ಯಾಂಪಲ್‌ನ ಹೆಚ್ಚಿನ ಬೋಟುಗಳಿಗೆ. ಅಪ್ಪನದ್ದಕ್ಕೂ.

"ಇದನ್ನು ಬರೆದರೆ ನನ್ನ ಅಪ್ಪ ಜೀವಮಾನವಿಡೀ ನಷ್ಟದ ಕೆಲಸ ಮಾಡಿದರು ಅಂತ ಬರೆದ ಹಾಗೆ. ಆ ನಷ್ಟದಲ್ಲೇ ಅಲ್ವಾ ಮೇಡಂ ನನ್ನನ್ನು ಓದಿಸಿದ್ದು?" ಅಂದರು. ಅಳು ಬಂತು. ಐದು ವರ್ಷ ಹಾಳು ಎಂಬ ಮಾತು ಆ ದಿನ ಒಮ್ಮೆಯೂ ಬರಲಿಲ್ಲ.

ನನಗೆ ಅರ್ಥಶಾಸ್ತ್ರ ಬರುವುದಿಲ್ಲ. ಹಾಗಾಗಿ ಅವರ ವಿಷಯವನ್ನು ಅವರ ಬಾಯಲ್ಲೇ ಕೇಳಿದೆ: ಅಷ್ಟು ಬೋಟುಗಳು ಲಾಭವಿಲ್ಲದೆ ಓಡುತ್ತಿದ್ದರೆ ಅದಕ್ಕೆ ನಿಮ್ಮ ಪುಸ್ತಕಗಳು ಏನು ಕಾರಣ ಕೊಡುತ್ತವೆ? ಅವರು ಕಣ್ಣೊರೆಸಿಕೊಂಡು ಪಾಠ ಮಾಡಿದರು, ಚೆನ್ನಾಗಿಯೇ ಮಾಡಿದರು. 1954ರಲ್ಲಿ ಸ್ಕಾಟ್ ಗಾರ್ಡನ್ ಎಂಬ ಕೆನಡಾದ ಅರ್ಥಶಾಸ್ತ್ರಜ್ಞ ಬರೆದ ಲೇಖನ ಈ ಶಾಸ್ತ್ರದ ಬುನಾದಿಯಂತೆ. ಕಡಲಿಗೆ ಒಡೆಯ ಇಲ್ಲ. ಒಂದಷ್ಟು ಬೋಟಿಗೆ ಒಳ್ಳೆ ಲಾಭ ಬಂದರೆ ಇನ್ನೊಬ್ಬ ಬೋಟು ಇಳಿಸುತ್ತಾನೆ, ಅವನನ್ನು ನೋಡಿ ಮತ್ತೊಬ್ಬ. ಎಲ್ಲರ ಒಟ್ಟು ಆದಾಯ ಎಲ್ಲರ ಒಟ್ಟು ಖರ್ಚಿಗೆ ಸಮ ಆಗುವವರೆಗೂ ಇದು ನಿಲ್ಲುವುದಿಲ್ಲ. ಯಾರೂ ದಡ್ಡರಲ್ಲ, ಯಾರೂ ಸೋಮಾರಿಗಳಲ್ಲ, ಆದರೂ ಲಾಭ ಕರಗಿಹೋಗುತ್ತದೆ.

ನಾನು ಕೇಳಿದ್ದು ಇಷ್ಟೇ: "ಹಾಗಾದರೆ ನಿಮ್ಮ ಪ್ರಬಂಧ ನಿಮ್ಮ ಅಪ್ಪನ ಬಗ್ಗೆ ಹೇಳುವುದೇನು?"

ಸ್ವಲ್ಪ ಹೊತ್ತು ಬಿಟ್ಟು, "ಅಪ್ಪನ ತಪ್ಪಿಲ್ಲ ಅಂತ" ಅಂದರು. ಆಮೇಲೆ ಅವರೇ ಮುಂದುವರಿಸಿದರು. ಬೋಟನ್ನು ಬೇರೆ ಕೆಲಸಕ್ಕೆ ಬಳಸಲಾಗುವುದಿಲ್ಲ, ಮಾರಿದರೆ ಹಾಕಿದ ದುಡ್ಡು ಬರುವುದಿಲ್ಲ, ಆದ್ದರಿಂದ ಡೀಸೆಲ್, ಐಸು, ಬಾಟಾದ ಖರ್ಚು ಹುಟ್ಟುವವರೆಗೆ ಕಡಲಿಗೆ ಹೋಗುವುದೇ ಸರಿಯಾದ ಲೆಕ್ಕ. ಅಮ್ಮನ ದುಡಿಮೆಗೆ ಅವರು ಪೇಟೆಯ ಕೂಲಿ ದರ ಹಾಕಿದ್ದರು. ಅಮ್ಮನಿಗೆ ನಿಜವಾಗಿ ಬೇರೆಲ್ಲಿ ಎಷ್ಟು ಸಿಗುತ್ತಿತ್ತು ಎಂದು ನೋಡಬೇಕಿತ್ತು, ಅದನ್ನು ಸರಿ ಮಾಡಬೇಕು ಅಂದರು. ತಿಂಗಳುಗಳಿಂದ ಮುಟ್ಟದ ಅಧ್ಯಾಯವನ್ನು ಅವರು ನನ್ನ ಮುಂದೆ ತಿದ್ದುತ್ತಿದ್ದರು.

ಕೊಟ್ಟ ಸಲಹೆಗಳನ್ನು ಬರೆಯುತ್ತೇನೆ.

ಮೊದಲನೆಯದು, ಅಪ್ಪನ ಬೋಟನ್ನು ಸ್ಯಾಂಪಲ್‌ನಲ್ಲಿ ಇಡಬೇಕಾ ಬೇಡ್ವಾ ಎಂದು ಗೈಡ್ ಹತ್ತಿರ ಬಾಯಿಬಿಟ್ಟು ಮಾತಾಡಿ. ಇಟ್ಟರೂ ತೆಗೆದರೂ, ತಾನು ಇದೇ ಸಮುದಾಯದವಳು, ಲೆಕ್ಕ ಕೊಟ್ಟವರಲ್ಲಿ ಹಲವರು ಪರಿಚಯದವರು ಎಂಬುದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆಯಿರಿ. ಗೈಡ್‌ಗೆ ಇದುವರೆಗೆ ಈ ವಿಷಯವೇ ಗೊತ್ತಿರಲಿಲ್ಲ. ಅವರು ನೋಡಿದ್ದು ಬರೆಯದೆ ಕೂತ ವಿದ್ಯಾರ್ಥಿನಿಯನ್ನು ಮಾತ್ರ, ಅದಕ್ಕೆ ಸಿಟ್ಟಾಗಿದ್ದರು. (ಕೊನೆಗೆ ಬೋಟನ್ನು ತೆಗೆದರು. ಫಲಿತಾಂಶ ಏನೂ ಬದಲಾಗಲಿಲ್ಲ.)

ಎರಡನೆಯದು, ಪ್ರಬಂಧ ಸಲ್ಲಿಸುವ ಮೊದಲು ಅಪ್ಪನಿಗೆ ಕೋಷ್ಟಕ ತೋರಿಸಿ. ಇದಕ್ಕೆ ಅವರು ಒಪ್ಪಲು ತುಂಬ ಸಮಯ ಹಿಡಿಯಿತು. ಕಷ್ಟಪಟ್ಟು ಲೆಕ್ಕ ಕೊಟ್ಟವರಿಗೆ ಅದರಿಂದ ಏನು ಗೊತ್ತಾಯಿತು ಎಂದು ಹೇಳುವುದು ಸಂಶೋಧಕರ ಸಾಲ, ಅಪ್ಪ ಆದರೇನು ಬೇರೆಯವರಾದರೇನು. ತೋರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ, "ಇದು ನಂಗೆ ಗೊತ್ತಿಲ್ವಾ?" ಎಂದರಂತೆ. ಆಮೇಲೆ, "ಫಿಶ್‌ಮೀಲಿಗೆ ಹೋಗುವ ಸಣ್ಣ ಮೀನಿನ ದುಡ್ಡು ಎಲ್ಲಿ ಹಾಕಿದ್ದಿ?" ಎಂದು ಕೇಳಿದರಂತೆ. ಏಲಂಗೆ ಬಾರದೆ ನೇರ ಮೀನಿನ ಹಿಟ್ಟಿನ ಫ್ಯಾಕ್ಟರಿಗೆ ಹೋಗುವ ಮೀನಿನ ಹಣ ಪುಸ್ತಕದಲ್ಲಿ ಬೇರೆ ಪುಟದಲ್ಲಿತ್ತು, ಇವರು ನೋಡಿಯೇ ಇರಲಿಲ್ಲ. ಮತ್ತೆ ಎಲ್ಲರನ್ನೂ ಕೇಳಿ ಸೇರಿಸಿದರು. ಮೈನಸ್ ಹೋಗಲಿಲ್ಲ, ಸಣ್ಣದಾಯಿತು. ಪರೀಕ್ಷಕರಿಗಿಂತ ಮೊದಲೇ ಅಪ್ಪ ಹಿಡಿದದ್ದು ಒಳ್ಳೆಯದೇ ಆಯಿತು ಎಂದು ಈಗ ನಗುತ್ತಾರೆ.

ಐದು ವರ್ಷ ಹಾಳು ಎಂಬ ಮಾತಿಗೆ ನಾನು ಉಪದೇಶ ಮಾಡಲಿಲ್ಲ. ಹಾಕಿ ಆದ ಖರ್ಚಿನ ಬಗ್ಗೆ ಕ್ಲಾಸಿನಲ್ಲಿ ಏನು ಪಾಠ ಮಾಡುತ್ತೀರಿ ಎಂದು ಕೇಳಿದೆ. "ಸಂಕ್ ಕಾಸ್ಟ್, ಮುಂದಿನ ನಿರ್ಧಾರಕ್ಕೆ ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು" ಎಂದು ಹೇಳಿ ಅವರೇ ಸುಮ್ಮನಾದರು. ಉಳಿದಿರುವುದು ಒಂದೂಕಾಲು ಅಧ್ಯಾಯ, ಅದು ಮುಗಿದರೆ ಕೈಗೊಂದು ಪದವಿ. ಇವೆರಡನ್ನು ಮಾತ್ರ ತೂಗಿ ನೋಡಿ ಎಂದೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅರ್ಧ ಗಂಟೆ ಬರೆಯಿರಿ, ಮೊದಮೊದಲು ಕೋಷ್ಟಕಗಳ ತಲೆಬರಹ ಬರೆದರೂ ಸಾಕು, ವಾಕ್ಯ ಆಮೇಲೆ ಬರುತ್ತದೆ. ಮುಂದಿನ ಸೆಮಿಸ್ಟರಿಗೆ ಹೆಚ್ಚುವರಿ ಪೇಪರ್ ಕೊಟ್ಟರೆ ಬೇಡ ಅನ್ನಿ. ಗಂಟೆ ಲೆಕ್ಕದ ದುಡ್ಡಿಗೆ ಪ್ರಬಂಧ ಮುಂದೆ ಹೋಗುತ್ತದೆ.

ಕೆಲಸದ ವಿಷಯ. "ಈ ಸಬ್ಜೆಕ್ಟಿಗೆ ಕೆಲಸವೇ ಇಲ್ಲ" ಎಂಬ ಹೆದರಿಕೆಯಲ್ಲಿ ಸತ್ಯ ಇದೆ, ಇಲ್ಲ ಎಂದು ಸಮಾಧಾನ ಹೇಳಿದರೆ ಅದು ಮೋಸ. ಮೀನುಗಾರಿಕೆ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಎಂದರೆ ವಿಸ್ತರಣೆ, ಸಂಖ್ಯಾಶಾಸ್ತ್ರದ ಜೊತೆ ಒಂದೇ ವಿಭಾಗದಲ್ಲಿ ಸೇರಿಕೊಂಡ ಒಂದೆರಡು ಹುದ್ದೆ. ಅಲ್ಲಿ ಮೀನು ಸಾಕಣೆ, ಸಂಸ್ಕರಣೆಯವರು ಇವರನ್ನು "ನೀವು ಟೆಕ್ನಿಕಲ್ ಅಲ್ಲ" ಅನ್ನುತ್ತಾರೆ, ಅರ್ಥಶಾಸ್ತ್ರ ವಿಭಾಗಕ್ಕೆ ಹೋದರೆ "ನೀವು ಮೀನಿನವರು" ಅನ್ನುತ್ತಾರೆ. ಆದರೆ ಬಾಗಿಲುಗಳು ಎಷ್ಟಿವೆ ಎಂದು ಅವರು ಯಾವತ್ತೂ ಎಣಿಸಿರಲಿಲ್ಲ. ಬರೆದು ತನ್ನಿ ಎಂದೆ. ತಂದ ಹಾಳೆಯಲ್ಲಿ ಕೇಂದ್ರದ ಮೀನುಗಾರಿಕೆ ಸಂಶೋಧನಾ ಸಂಸ್ಥೆಗಳಾದ ಕೊಚ್ಚಿಯ ಸಿಎಂಎಫ್‌ಆರ್‌ಐ ಮತ್ತು ಸಿಐಎಫ್‌ಟಿ, ಚೆನ್ನೈನ ಸಿಬಾ, ಭುವನೇಶ್ವರದ ಸಿಫಾ, ಮುಂಬೈನ ಸಿಐಎಫ್‌ಇ ಇದ್ದವು. ಜೊತೆಗೆ ಕಡಲ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೊಚ್ಚಿಯ ಎಂಪೆಡಾ, ಹೈದರಾಬಾದಿನ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ, ನಬಾರ್ಡ್. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ವಿಜ್ಞಾನಿ ಹುದ್ದೆಗೆ ಇವರ ದಾರಿ ಕೃಷಿ ಅರ್ಥಶಾಸ್ತ್ರದ ಪೇಪರ್ ಮೂಲಕ. ಭತ್ತ, ಕಬ್ಬಿನ ಲೆಕ್ಕ ಓದಿದವರ ಜೊತೆ ಸ್ಪರ್ಧೆ ಎಂಬ ಅಳುಕಿನಲ್ಲಿ ಆ ಪರೀಕ್ಷೆಯನ್ನು ಬರೆದೇ ಇರಲಿಲ್ಲ. ಕೃಷಿ ಮಾರುಕಟ್ಟೆ, ಫಾರ್ಮ್ ಮ್ಯಾನೇಜ್‌ಮೆಂಟ್ ಭಾಗ ಕೂತು ಓದಿದರೆ ಬರುವಂಥದ್ದೇ. ಪ್ರಬಂಧ ಸಲ್ಲಿಸಿದ ಮೇಲೆ ಅದಕ್ಕೆ ಕೂರಲಿ ಎಂದು ಮಾತಾಯಿತು. ಬ್ಯಾಂಕ್ ಪರೀಕ್ಷೆ ಬರೆಯಬೇಡಿ ಎಂದು ನಾನು ಹೇಳಲಿಲ್ಲ. ಬರೆಯುವುದಾದರೆ ಬ್ಯಾಂಕ್ ಕೆಲಸ ಬೇಕು ಎಂದು ಬರೆಯಿರಿ, ನಾಲ್ಕನೇ ಅಧ್ಯಾಯದಿಂದ ಓಡಲು ಬೇಡ.

ವಿದೇಶದ ಆಸೆಯೂ ಇತ್ತು, ಸಂಕೋಚದಿಂದ ಕೊನೆಗೆ ಹೇಳಿದರು. ನಾರ್ವೆಯ ಟ್ರೋಮ್ಸೋ, ಬರ್ಗೆನ್, ಅಮೆರಿಕದ ರೋಡ್ ಐಲೆಂಡ್ ಕಡೆ ಈ ವಿಷಯಕ್ಕೆ ನೆಲೆ ಇದೆ. ಎರಡು ವರ್ಷಕ್ಕೊಮ್ಮೆ ಮೀನುಗಾರಿಕೆ ಅರ್ಥಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತದೆ, 2024ರಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ನಡೆಯಿತು. ಪೋಸ್ಟ್‌ಡಾಕ್ ಕೇಳಿ ಪತ್ರ ಬರೆಯುವ ಮೊದಲು ನಾಲ್ಕನೇ ಅಧ್ಯಾಯದಿಂದ ಒಂದು ಲೇಖನ ಮಾಡಿ ಜರ್ನಲ್‌ಗೆ ಕಳಿಸಿ ಎಂದೆ. ಏಲಂ ಹೇಗೆ ನಡೆಯುತ್ತದೆ, ಮುಂಗಡ ಕೊಟ್ಟ ಏಜೆಂಟ್ ರೇಟನ್ನು ಹೇಗೆ ಹಿಡಿದಿಡುತ್ತಾನೆ ಎಂದು ಒಳಗಿನಿಂದ ಗೊತ್ತಿರುವವರು ಆ ಜರ್ನಲ್‌ಗಳಿಗೆ ಎಷ್ಟು ಜನ ಬರೆಯುತ್ತಾರೆ?

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಒತ್ತಿ ಹೇಳಿದೆ. ಮುಂದಿನ ಅಧ್ಯಯನಕ್ಕೆ ನೆಂಟರಿಲ್ಲದ ವಿಷಯ ಆರಿಸಿಕೊಳ್ಳಿ. ದೇಶದ ಒಟ್ಟು ಮೀನಿನಲ್ಲಿ ದೊಡ್ಡ ಪಾಲು ಈಗ ಕಡಲಿನದ್ದಲ್ಲ, ಒಳನಾಡಿನದ್ದು, ಅದರಲ್ಲೂ ಸಾಕಣೆಯದ್ದು. ಅವರು ತಾವೇ ಕುಮಟಾ ಕಡೆಯ ಗಜನಿ ಭೂಮಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಕೃಷಿಯ ಬಗ್ಗೆ ಯೋಚಿಸಿದ್ದಾರೆ.

ಮದುವೆ ಮಾತಿಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. "ಪ್ರಬಂಧ ಮುಗಿಯಲಿ" ಎಂದರೆ ಅಮ್ಮನಿಗೆ ಅದು ಯಾವತ್ತೂ ಮುಗಿಯದ ವಿಷಯ. ತಿಂಗಳು ಹೇಳಿ ಎಂದೆ. ಹೇಳಿದರು, ಅಮ್ಮ ಸುಮ್ಮನಾದರು.

ಪ್ರಬಂಧ ಸಲ್ಲಿಕೆಯಾಗಿದೆ. ನಿದ್ದೆ ಬರುತ್ತಿದೆ. ಕೊನೆಯ ಸಲ ಬಂದಾಗ ಹೊಸ ಪ್ರಶ್ನೆ ತಂದಿದ್ದರು: ತಮ್ಮ ಸಾಲ ಮಾಡಿ ಸ್ವಂತ ಬೋಟ್ ಮಾಡುತ್ತೇನೆ ಎನ್ನುತ್ತಿದ್ದಾನೆ, ತಡೆಯಲಾ? ಲೆಕ್ಕ ಕೊಡಿ, ತೀರ್ಪು ಕೊಡಬೇಡಿ ಎಂದೆ. ತಡೆದು ನಿಲ್ಲಿಸಿದರೆ ಅವನ ಮುಂದಿನ ಬದುಕಿನ ಹೊಣೆ ನಿಮ್ಮ ತಲೆಗೆ, ಸುಮ್ಮನಿದ್ದರೂ ನಿಮಗೆ ನಿದ್ದೆ ಹೋಗುತ್ತದೆ. ಕೋಷ್ಟಕ ತೋರಿಸಿದರಂತೆ. ಅವನು ಪೂರ್ತಿ ನೋಡಿ, ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಬ್ಸಿಡಿ ಎಷ್ಟು ಸಿಗುತ್ತದೆ, ಅದನ್ನೂ ಇದಕ್ಕೆ ಹಾಕಿ ಲೆಕ್ಕ ಮಾಡಿ ಕೊಡು ಅಕ್ಕ ಎಂದನಂತೆ. ಮಾಡಿ ಕೊಡುತ್ತಿದ್ದಾರೆ.