ಶಾಸ್ತ್ರೀಯ ಗಾಯಕಿ ಸಿನಿಮಾ ಸಂಗೀತ ನಿರ್ದೇಶಕರ ಜೊತೆ ಆಲ್ಬಂ ಮಾಡಿದರೆ ಗಾಯನ ಕೆಡುತ್ತದೆಯೇ?

ಮಗಳು ಖಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ ಗಾಯನದ ಒಂದು ಪ್ರಕಾರ) ಕಲಿಯುತ್ತಿದ್ದಾಳೆ, ಸಿನಿಮಾ ಸಂಗೀತ ನಿರ್ದೇಶಕರೊಬ್ಬರು ಭಜನೆಗಳ ಆಲ್ಬಂಗೆ ಕರೆದಿದ್ದಾರೆ, ಹಾಡಿದರೆ ಗಾಯಕಿ ಕೆಟ್ಟುಹೋಗುತ್ತಾಳೆಯೇ ಎಂದು ಕೇಳಿದ್ದೀರಿ. ಕೆಡುವುದಿಲ್ಲ. ನಾನು ಧಾರವಾಡದ ಕಡೆಯ ಹಾರ್ಮೋನಿಯಂ ವಾದಕ. ಖಯಾಲ್ ಗಾಯಕರಿಗೆ ಕಛೇರಿಯಲ್ಲೂ ಸ್ಟುಡಿಯೋದಲ್ಲೂ ಸಾಥ್ ಕೊಟ್ಟವನು. ರಾಗದ ಶುದ್ಧಿಗಾಗಿ ಜಗಳವಾದದ್ದನ್ನು ಅಲ್ಲಿ ಕಂಡದ್ದು ಅಪರೂಪ. ಜಗಳವೆಲ್ಲ ಲಯದ್ದು, ಶ್ರುತಿಯದ್ದು.

ಭೀಮಸೇನ ಜೋಶಿಯವರನ್ನೇ ನೋಡಿ. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ಗೆ ಶಂಕರ್–ಜೈಕಿಶನ್ ಸಂಗೀತದಲ್ಲಿ ಮನ್ನಾ ಡೇ ಜೊತೆ ‘ಕೇತಕೀ ಗುಲಾಬ್ ಜೂಹಿ’ ಹಾಡಿದರು. (ಅದು ಸ್ಪರ್ಧೆಯ ಹಾಡು. ಚಿತ್ರದಲ್ಲಿ ಗೆಲ್ಲಬೇಕಾದವನು ನಾಯಕ, ಅವನಿಗೆ ಮನ್ನಾ ಡೇ ಧ್ವನಿ, ಹಾಗಾಗಿ ಸೋಲುವ ಪಾಲು ಗದಗಿನ ಜೋಶಿಯವರದ್ದಾಯಿತು!) 1966ರ ‘ಸಂಧ್ಯಾರಾಗ’ದಲ್ಲಿ ಜಿ.ಕೆ. ವೆಂಕಟೇಶ್ ಅವರಿಗೆ ‘ನಂಬಿದೆ ನಿನ್ನ ನಾದದೇವತೆಯೇ’ ಹಾಡಿದರು. ಮುಂದೆ ಮರಾಠಿ ಭಾವಗೀತೆ, ಚಿತ್ರಗೀತೆಗಳ ಶ್ರೀನಿವಾಸ ಖಳೆ ಅವರ ಸಂಯೋಜನೆಯಲ್ಲಿ, ಲತಾ ಮಂಗೇಶ್ಕರ್ ಜೊತೆ ‘ರಾಮ ಶ್ಯಾಮ ಗುಣಗಾನ’ ಎಂಬ ಇಡೀ ಆಲ್ಬಂ ಬಂತು. ಇದರಿಂದ ಅವರ ಪೂರಿಯಾ ಕಲ್ಯಾಣ ರಾಗಕ್ಕೆ ಏನಾದರೂ ಊನವಾಯಿತೆಂದವರನ್ನು ನಾನು ಕಾಣೆ.

ತೊಡಕು ಇರುವುದು ಸ್ಟುಡಿಯೋದ ಗಾಜಿನ ಕೋಣೆಯಲ್ಲಿ. ಖಯಾಲ್ ಹಾಡುವವರಿಗೆ ಬೆನ್ನ ಹಿಂದೆ ತಂಬೂರಿ, ಪಕ್ಕದಲ್ಲಿ ತಬಲಾ ಬೇಕು. ಗಾಯಕಿ ಸ್ವರದ ಮೇಲೆ ತುಸು ನಿಂತರೆ ತಬಲಾದವರು ಕಾಯುತ್ತಾರೆ. ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿದರೆ ತಮ್ಮದೇ ಧ್ವನಿ ಪರಕೀಯವಾಗಿ ಕೇಳುತ್ತದೆ. ಅದಕ್ಕೇ ಅನೇಕರು ಒಂದು ಕಿವಿಯದನ್ನು ಹಿಂದಕ್ಕೆ ಸರಿಸಿ ಹಾಡುತ್ತಾರೆ. ಕೈ ಎತ್ತಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ತೋರಿಸುವ ಅಭ್ಯಾಸವಿದ್ದರೆ ಬಳೆಗಳ ಸದ್ದೂ ಮೈಕಿಗೆ ಬೀಳುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು ಮತ್ತೊಂದು. “ಸ್ಥಾಯಿ ಚೆನ್ನಾಗಿದೆ, ಅಂತರಾದ ಆ ಒಂದು ಸಾಲು ಮಾತ್ರ ಮತ್ತೆ ಹಾಗೆಯೇ ಹಾಡಿ” ಎನ್ನುತ್ತಾರೆ (ಸ್ಥಾಯಿ ಹಾಡಿನ ಮೊದಲ ಭಾಗ, ಅಂತರಾ ಎರಡನೆಯದು). ‘ಹಾಗೆಯೇ’ ಹಾಡುವುದನ್ನು ಗುರುಗಳು ಕಲಿಸಿರುವುದೇ ಇಲ್ಲ! ಎರಡನೆಯ ಸಲ ಹರಕತ್ (ಸ್ವರದ ಸಣ್ಣ ಕುಸುರಿ) ಬೇರೆ, ಉಸಿರು ಬೇರೆ; ಕತ್ತರಿಸಿ ಜೋಡಿಸಿದರೆ ಹೊಲಿಗೆ ಕಾಣುತ್ತದೆ. ಬುದ್ಧಿವಂತ ಸಂಯೋಜಕರು ಇಂಥವರಿಂದ ಇಡೀ ಹಾಡನ್ನು ನಡುವೆ ನಿಲ್ಲಿಸದೆ ಹಾಡಿಸಿಕೊಳ್ಳುತ್ತಾರೆ, ಅಲ್ಲಲ್ಲಿ ಬಿದ್ದ ಗೀರುಗಳನ್ನು ಉಳಿಸಿಕೊಳ್ಳುತ್ತಾರೆ.

ಯುಗಳ ಗೀತೆಯಾದರೆ ಶ್ರುತಿಯ ಪ್ರಶ್ನೆಯೂ ಬರುತ್ತದೆ. ಗಂಡಸರ ಷಡ್ಜ (ಆಧಾರದ ‘ಸ’) ಸಾಮಾನ್ಯವಾಗಿ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕಪ್ಪು ಒಂದರ ಆಸುಪಾಸು, ಹೆಂಗಸರದ್ದು ಕಪ್ಪು ನಾಲ್ಕು-ಐದು. ಹೆಚ್ಚುಕಡಿಮೆ ಪಂಚಮದಷ್ಟು, ಅಂದರೆ ‘ಸ’ದಿಂದ ‘ಪ’ದವರೆಗಿನಷ್ಟು ಅಂತರ. ಒಂದೇ ಶ್ರುತಿಯಲ್ಲಿ ಇಬ್ಬರನ್ನೂ ಹಾಡಿಸಿದರೆ ಒಬ್ಬರು ತಾರದಲ್ಲಿ ಕಿರುಚಬೇಕು, ಇಲ್ಲವೇ ಇನ್ನೊಬ್ಬರು ಮಂದ್ರದಲ್ಲಿ ಗೊಣಗಬೇಕು. ಯಾವ ಸಾಲು ಯಾರಿಗೆ ಎಂದು ಹಂಚುವುದರಲ್ಲೇ ಸಂಯೋಜಕರ ಜಾಣ್ಮೆ ತಿಳಿಯುತ್ತದೆ.

ಒಪ್ಪಿಗೆ ಕೊಡುವ ಮೊದಲು ಹಾಡುಗಳು ಯಾವ ಶ್ರುತಿಯಲ್ಲಿವೆ, ಟ್ರ್ಯಾಕ್ ಆಗಲೇ ತಯಾರಾಗಿದೆಯೇ ಎಂದು ವಿಚಾರಿಸಿ. ತಯಾರಾಗಿದ್ದರೆ, ಮಗಳ ಧ್ವನಿ ಕೇಳುವ ಮೊದಲೇ ಶ್ರುತಿ ನಿರ್ಧಾರವಾಗಿದೆ ಎಂದೇ ಅರ್ಥ. ನಾನಾದರೆ ನಯವಾಗಿ ಬೇಡವೆನ್ನುತ್ತೇನೆ. ಇಲ್ಲವಾದರೆ ಕಳುಹಿಸಿ, ತಬಲಾದವರನ್ನು ಜೊತೆಗೇ ಕೂರಿಸಿ ಮುದ್ರಿಸಲು ಕೇಳಿಕೊಳ್ಳಿ. ಅವಳ ಗುರುಗಳಿಗೆ ಮಾತ್ರ ಮೊದಲೇ ತಿಳಿಸಿಬಿಡಿ. ಬೇರೆಯವರ ಬಾಯಿಂದ ಕೇಳಿದರೆ ಅವರಿಗೆ ನೋವಾಗುತ್ತದೆ.